ಆಟವಾಡುವ ರೋಬೋಟ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ಆಡುವ, ಸುಮೋ ಕಣಕ್ಕಿಳಿಯುವ, ಬುಟ್ಟಿಗೆ ಚೆಂಡು ಹಾಕುವ ರೋಬೋಟ್‌ಗಳನ್ನು ಕಟ್ಟಲು ಹೊರಟವರ ಜೊತೆ ಹಲವು ವರ್ಷಗಳಿಂದ ಕೂತೆದ್ದಿದ್ದೇನೆ. ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಮಾತಿನಲ್ಲೋ ಪತ್ರದಲ್ಲೋ ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ತಿರುಗಿ ತಿರುಗಿ ಬರುವಂಥವೇ. ಅವರು ಕೇಳಿದ ಧಾಟಿಯಲ್ಲೇ ಪ್ರಶ್ನೆಗಳನ್ನು ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಮೊದಲಿನವು ಈಗಷ್ಟೇ ಯೋಚಿಸುತ್ತಿರುವವರಿಗೆ, ಕೊನೆಯವು ಒಂದೆರಡು ಸ್ಪರ್ಧೆ ಕಂಡವರಿಗೆ.

## ಶುರು ಮಾಡುವ ಮುನ್ನ

ಇದು ರಿಮೋಟ್ ಕಾರು ಓಡಿಸಿದ ಹಾಗೇನಾ, ಇಲ್ಲಾ ರೋಬೋಟೇ ತಾನಾಗಿ ಆಡುತ್ತಾ?

ಎರಡೂ ಉಂಟು, ನಡುವಿನದೂ ಉಂಟು. ರೋಬೋಟ್‌ಗಳ ಅಂತರರಾಷ್ಟ್ರೀಯ ಸ್ಪರ್ಧೆಯಾದ ರೋಬೋಕಪ್‌ನ ಫುಟ್‌ಬಾಲ್‌ನಲ್ಲಿ ಪಂದ್ಯ ಶುರುವಾದ ಮೇಲೆ ಮನುಷ್ಯರು ರೋಬೋಟ್‌ಗೆ ಏನನ್ನೂ ಹೇಳುವಂತಿಲ್ಲ. ತೀರ್ಪುಗಾರರ ಸೂಚನೆ ಮಾತ್ರ ಅದಕ್ಕೆ ತಲುಪುತ್ತದೆ. ರೋಬೋಟ್ ಸುಮೋದಲ್ಲಿ ಗುಂಡಿ ಒತ್ತಿ ಹಿಂದೆ ಸರಿದರೆ, 5 ಸೆಕೆಂಡು ಕಾದು ರೋಬೋಟ್ ತಾನೇ ಎದುರಾಳಿಯನ್ನು ಹುಡುಕಿ ಕಣದಿಂದ ಹೊರಕ್ಕೆ ತಳ್ಳಬೇಕು. ಅಮೆರಿಕದಲ್ಲಿ ಶುರುವಾದ, ಹೈಸ್ಕೂಲು ಮಕ್ಕಳ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್‌ನದು ನಡುವಿನ ದಾರಿ. ಅಲ್ಲಿ ಬಹಳ ವರ್ಷ ನಡೆದ ಕ್ರಮದಲ್ಲಿ ಮೊದಲ 15 ಸೆಕೆಂಡು ರೋಬೋಟ್‌ನ ಸ್ವಂತ ಆಟ, ಆಮೇಲಿನ 2 ನಿಮಿಷ 15 ಸೆಕೆಂಡು ಚಾಲಕರ ಕೈಗೆ ಜಾಯ್‌ಸ್ಟಿಕ್. ಚಾಲಕರಿರುವ ಸ್ಪರ್ಧೆ ಸುಲಭ ಎಂದುಕೊಳ್ಳಬೇಡಿ. ಅಲ್ಲಿ ಅಭ್ಯಾಸ ಯಂತ್ರಕ್ಕಷ್ಟೇ ಸಾಲದು, ಓಡಿಸುವ ಕೈಗೂ ಬೇಕು.

ಆಟ ಆಡೋ ರೋಬೋಟ್‌ನಿಂದ ಲೋಕಕ್ಕೇನು ಉಪಯೋಗ? ಮಗಳು ಇದರಲ್ಲೇ ಮುಳುಗಿದ್ದಾಳೆ, ಅದಕ್ಕೇ ಕೇಳಿದೆ.

ನ್ಯಾಯವಾದ ಪ್ರಶ್ನೆ. ರೋಬೋಟ್‌ಗಳಿಗೆ ಫುಟ್‌ಬಾಲ್ ಆಡಿಸಬೇಕೆಂಬ ವಿಚಾರವನ್ನು 1992ರಲ್ಲಿ ಅಲನ್ ಮ್ಯಾಕ್‌ವರ್ತ್ ಎಂಬ ಕೆನಡಾದ ವಿಜ್ಞಾನಿ ಮುಂದಿಟ್ಟರು. ಆಗ ಕೃತಕ ಬುದ್ಧಿಮತ್ತೆಗೆ ಚದುರಂಗವೇ ದೊಡ್ಡ ಪರೀಕ್ಷೆ. ಆದರೆ ಚದುರಂಗದಲ್ಲಿ ಎದುರಾಳಿ ನಿಮ್ಮ ಸರದಿ ಮುಗಿಯುವ ತನಕ ಕಾಯುತ್ತಾನೆ, ಕಾಯಿ ಇಟ್ಟಲ್ಲೇ ಇರುತ್ತದೆ. ಫುಟ್‌ಬಾಲ್‌ನಲ್ಲಿ ಯಾರೂ ಕಾಯುವುದಿಲ್ಲ. ಚೆಂಡು ಎಲ್ಲಿದೆ ಎಂಬುದೇ ಒಂದು ಅಂದಾಜು, ಒದ್ದದ್ದು ಗುರಿ ಮುಟ್ಟುತ್ತದೆ ಎಂಬ ಖಾತ್ರಿಯಿಲ್ಲ, ಜೊತೆಗಾರರನ್ನೂ ನೋಡಿಕೊಳ್ಳಬೇಕು. ಗೋದಾಮು, ರಸ್ತೆ, ಆಸ್ಪತ್ರೆಯಲ್ಲಿ ಓಡಾಡುವ ರೋಬೋಟ್‌ಗೂ ಇವೇ ಕಷ್ಟಗಳು. ಐಬಿಎಂನ ಚದುರಂಗದ ಕಂಪ್ಯೂಟರ್ ಡೀಪ್ ಬ್ಲೂ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ 1997ರಲ್ಲೇ ಜಪಾನಿನ ನಗೋಯಾದಲ್ಲಿ ಮೊದಲ ರೋಬೋಕಪ್ ನಡೆಯಿತು.

ಉಪಯೋಗಕ್ಕೆ ಕಣ್ಣೆದುರಿನ ಉದಾಹರಣೆ ಕಿವಾ ಸಿಸ್ಟಮ್ಸ್ ಎಂಬ ಕಂಪನಿ. ಕಾರ್ನೆಲ್ ವಿಶ್ವವಿದ್ಯಾಲಯದ ರೋಬೋಟ್ ಫುಟ್‌ಬಾಲ್ ತಂಡವನ್ನು ಮುನ್ನಡೆಸಿದ ರಫಾಯೆಲ್ಲೊ ಡಾಂಡ್ರೆಯಾ ಅದರ ಸ್ಥಾಪಕರಲ್ಲೊಬ್ಬರು. ಡಿಕ್ಕಿಯಾಗದೆ, ಒಟ್ಟುಗೂಡಿ, ವೇಗವಾಗಿ ಓಡುವ ಪುಟ್ಟ ರೋಬೋಟ್‌ಗಳ ಆ ಅನುಭವ ಗೋದಾಮಿನಲ್ಲಿ ಕಪಾಟು ಹೊತ್ತು ತರುವ ಯಂತ್ರಗಳಿಗೆ ದಾರಿಯಾಯಿತು. 2012ರಲ್ಲಿ ಅಮೆಜಾನ್ ಆ ಕಂಪನಿಯನ್ನು 77.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ನಿಮ್ಮ ಮಗಳು ಮುಳುಗಿದ್ದರೆ ಮುಳುಗಲಿ ಬಿಡಿ.

ನನಗೆ ಕೋಡಿಂಗ್ ಬರಲ್ಲ, ಎಲೆಕ್ಟ್ರಾನಿಕ್ಸೂ ಗೊತ್ತಿಲ್ಲ. ಸೇರಬಹುದಾ?

ಸೇರಿ. ಅಳತೆ ತಪ್ಪದೆ ರಂಧ್ರ ಕೊರೆಯುವವರು, ವೈರನ್ನು ನೀಟಾಗಿ ಕಟ್ಟುವವರು, ನಿಯಮ ಪುಸ್ತಕವನ್ನು ಸಾಲು ಬಿಡದೆ ಓದುವವರು, ಪ್ರತಿ ಪರೀಕ್ಷೆಯ ಫಲಿತಾಂಶ ಬರೆದಿಡುವವರು ಯಾವ ತಂಡಕ್ಕೂ ಬೇಕು. ಕೋಡ್ ಬರೆಯುವವರು ಹೇಗೂ ಸಿಗುತ್ತಾರೆ, ಈ ನಾಲ್ವರು ಸಿಗುವುದೇ ಕಷ್ಟ. ಕೋಡಿಂಗ್ ಕಲಿಯುವ ಆಸೆಯಿದ್ದರೆ ಮೋಟರ್ ತಿರುಗಿಸುವ, ಸೆನ್ಸರ್ ಓದುವ ಸಣ್ಣ ಪ್ರೋಗ್ರಾಂಗಳಿಂದ ಹೊರಡಿ. ಬರೆದದ್ದು ಕಣ್ಣೆದುರೇ ಚಲಿಸುವುದರಿಂದ ಬೇಗ ತಲೆಗೆ ಹತ್ತುತ್ತದೆ.

ಮೊದಲನೇ ಸಲಕ್ಕೆ ಯಾವ ಸ್ಪರ್ಧೆ ಒಳ್ಳೇದು?

ನನ್ನನ್ನು ಕೇಳಿದರೆ ಮಿನಿ ಸುಮೋ. ಅಡಿಯಳತೆ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದೊಳಗೆ, ತೂಕ 500 ಗ್ರಾಂ ಒಳಗೆ. ಕಣ 77 ಸೆಂ.ಮೀ. ವ್ಯಾಸದ ಕಪ್ಪು ವೃತ್ತ, ಅಂಚಿಗೆ 2.5 ಸೆಂ.ಮೀ. ಬಿಳಿ ಪಟ್ಟಿ. ಎರಡು ಮೋಟರ್, ಎದುರಾಳಿಯನ್ನು ಕಾಣಲು ಎರಡು ಮೂರು ಸೆನ್ಸರ್, ಬಿಳಿ ಪಟ್ಟಿ ಗುರುತಿಸಲು ಎರಡು ಸೆನ್ಸರ್, ಇವನ್ನೆಲ್ಲ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು, ಅಂದರೆ ಒಂದು ಕಂಟ್ರೋಲರ್ ಇದ್ದರೆ ಸಾಕು. ಕಣವನ್ನು ನೀವೇ ಮಾಡಿ ಕೋಣೆಯಲ್ಲಿಟ್ಟುಕೊಳ್ಳಬಹುದು ಎಂಬುದು ದೊಡ್ಡ ಅನುಕೂಲ. ಸಂಜೆ ಬದಲಾಯಿಸಿದ್ದನ್ನು ಸಂಜೆಯೇ ಪರೀಕ್ಷಿಸಬಹುದು.

ಚೆಂಡಾಟವೇ ಬೇಕೆಂದರೆ ಶಾಲಾ ಮಕ್ಕಳಿಗೆ ರೋಬೋಕಪ್ ಜೂನಿಯರ್ ಇದೆ. ಒಂದೊಂದು ಕಡೆ ಎರಡು ರೋಬೋಟ್. ಕಾಲೇಜಿನವರಿಗೆ 2002ರಲ್ಲಿ ಟೋಕಿಯೋದಲ್ಲಿ ಶುರುವಾದ, ಏಷ್ಯಾ ಪೆಸಿಫಿಕ್ ದೇಶಗಳ ತಂಡಗಳು ಆಡುವ ಎಬಿಯು ರೋಬೋಕಾನ್ ಇದೆ. ಪ್ರತಿ ವರ್ಷ ಆತಿಥೇಯ ದೇಶ ಹೊಸ ಆಟ ಕೊಡುತ್ತದೆ. 2015ರಲ್ಲಿ ಬ್ಯಾಡ್ಮಿಂಟನ್, 2022ರಲ್ಲಿ ಲಗೋರಿ, 2025ರಲ್ಲಿ ಬ್ಯಾಸ್ಕೆಟ್‌ಬಾಲ್. ಅದು ದೊಡ್ಡ ತಂಡದ, ಇಡೀ ವರ್ಷದ ಕೆಲಸ. ಒಂದು ಸಣ್ಣ ರೋಬೋಟ್ ಕಟ್ಟಿ, ಕೆಡಿಸಿ, ಸರಿಮಾಡಿದ ಮೇಲೆ ಅದಕ್ಕೆ ಕೈಹಾಕಿ.

ಸರ್, ಸ್ಪರ್ಧೆಗೆ ಮೂರು ತಿಂಗಳಿದೆ. ಸಾಕಾಗುತ್ತಾ?

ಆ ಮೂರು ತಿಂಗಳನ್ನು ಹೇಗೆ ಹಂಚುತ್ತೀರಿ ಎಂಬುದರ ಮೇಲಿದೆ. ಬಹಳ ತಂಡಗಳು ಹನ್ನೊಂದು ವಾರ ಕಟ್ಟಿ ಒಂದು ವಾರ ಓಡಿಸುತ್ತವೆ. ನಾನು ಹೇಳುವುದು ಅರ್ಧ ಅರ್ಧ. ಆರನೇ ವಾರದ ಕೊನೆಗೆ ರೋಬೋಟ್ ಅಂಕಣದಲ್ಲಿ ಓಡುತ್ತಿರಬೇಕು. ಚೆಂದ ಕಾಣದಿದ್ದರೂ ಸರಿ, ಒದೆಯುವ ಭಾಗ ಇನ್ನೂ ಬಾರದಿದ್ದರೂ ಸರಿ, ಓಡಬೇಕು. ಸಡಿಲವಾಗುವ ಸ್ಕ್ರೂ, ಬಿಸಿಯೇರುವ ಮೋಟರ್ ಡ್ರೈವರ್ (ಮೋಟರಿಗೆ ಕರೆಂಟ್ ಕೊಡುವ ಬೋರ್ಡು), ನೂರು ಸಲದಲ್ಲಿ ಒಮ್ಮೆ ಸಿಕ್ಕಿಕೊಳ್ಳುವ ಕೋಡ್ ಹೊರಬೀಳುವುದು ಗಂಟೆಗಟ್ಟಲೆ ಓಡಿಸಿದಾಗ ಮಾತ್ರ. ಇನ್ನೊಂದು ತಂಡ ಹೇಗಿದೆ ಎಂದು ಯಾರಾದರೂ ವಿಚಾರಿಸಿದರೆ ನಾನು ಮೋಟರ್ ಯಾವುದು, ಕ್ಯಾಮೆರಾ ಯಾವುದು ಎಂದು ಕೇಳುವುದಿಲ್ಲ. ಈ ರೋಬೋಟ್ ಇದುವರೆಗೆ ಎಷ್ಟು ಗಂಟೆ ಓಡಿದೆ ಎಂದು ಕೇಳುತ್ತೇನೆ.

ನಿಯಮ ಪುಸ್ತಕ ಅಷ್ಟು ದಪ್ಪ ಇದೆ, ಪೂರ್ತಿ ಓದಲೇಬೇಕಾ?

ಪೂರ್ತಿ ಓದಿ, ಒಬ್ಬರಲ್ಲ, ಎಲ್ಲರೂ. ಮೊದಲ ಓದಿನಲ್ಲಿ ಅಂಕ ಎಲ್ಲಿಂದ ಬರುತ್ತದೆ ಎಂಬುದನ್ನಷ್ಟೇ ಗುರುತು ಹಾಕಿ. ಕಷ್ಟದ ಕೆಲಸವೊಂದಕ್ಕೆ 10 ಅಂಕವಿದ್ದು ಅದನ್ನು ಮಾಡಲು 40 ಸೆಕೆಂಡು ಹಿಡಿಯುತ್ತದೆ, ಸುಲಭದ ಕೆಲಸಕ್ಕೆ 3 ಅಂಕವಿದ್ದು 5 ಸೆಕೆಂಡು ಸಾಕು ಎಂದಿಟ್ಟುಕೊಳ್ಳಿ. ಆ 40 ಸೆಕೆಂಡಿನಲ್ಲಿ ಸುಲಭದ್ದನ್ನು ಎಂಟು ಸಲ ಮಾಡಿ 24 ಅಂಕ ಗಳಿಸಬಹುದು. ಈ ಲೆಕ್ಕ ಹಾಕದೆ ಕಷ್ಟದ ಕೆಲಸಕ್ಕೇ ಯಂತ್ರ ಕಟ್ಟಿದ ತಂಡಗಳನ್ನು ನೋಡಿ ಹೊಟ್ಟೆ ಉರಿದಿದೆ.

ಎರಡನೇ ಓದಿನಲ್ಲಿ ಅಳತೆ, ತೂಕ, ನಿಷೇಧಗಳು. ಪುಟ್ಟ ಚಕ್ರದ ರೋಬೋಟ್‌ಗಳು ಫುಟ್‌ಬಾಲ್ ಆಡುವ ವಿಭಾಗವಾದ ರೋಬೋಕಪ್ ಸ್ಮಾಲ್ ಸೈಜ್ ಲೀಗಿನ ರೋಬೋಟ್ 18 ಸೆಂ.ಮೀ. ವ್ಯಾಸ, 15 ಸೆಂ.ಮೀ. ಎತ್ತರದ ಸಿಲಿಂಡರಿನೊಳಗೆ ಹಿಡಿಯಬೇಕು. ಮೇಲಿಂದ ನೋಡಿದಾಗ ಚೆಂಡಿನ ಶೇ. 80 ಭಾಗ ರೋಬೋಟ್‌ನ ಹೊರಗಿರಬೇಕು. ಚೆಂಡು ಹಿಡಿಯುವ ಬಾಯಿಯ ಆಳವನ್ನು ಈ ಒಂದೇ ಸಾಲು ತೀರ್ಮಾನಿಸುತ್ತದೆ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ನಾನಿಲ್ಲಿ ಬರೆದ ಅಳತೆಗಳನ್ನೂ ಈ ಸಾಲಿನ ಪುಸ್ತಕದ ಜೊತೆ ತಾಳೆ ನೋಡಿಕೊಳ್ಳಿ.

## ಮೈ ಮತ್ತು ಕಾಲು

ಯಾವ ಮೋಟರ್ ತಗೊಳ್ಳಲಿ? ಜಾಸ್ತಿ ಆರ್‌ಪಿಎಂ ಇದ್ದರೆ ಒಳ್ಳೇದಲ್ವಾ?

ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನಷ್ಟೇ ನೋಡಿ ಮೋಟರ್ ಕೊಳ್ಳುವುದು ಎಲ್ಲರೂ ಮೊದಲು ಮಾಡುವ ತಪ್ಪು. ಹಿಂದಿನಿಂದ ಲೆಕ್ಕ ಹಾಕಿ. ಉದಾಹರಣೆಗೆ 2 ಕೆ.ಜಿ. ತೂಕದ ರೋಬೋಟ್, 6 ಸೆಂ.ಮೀ. ವ್ಯಾಸದ ಎರಡು ಚಕ್ರ, ಸೆಕೆಂಡಿಗೆ 2 ಮೀಟರ್ ವೇಗ ಬೇಕು. ಚಕ್ರದ ಸುತ್ತಳತೆ ಸುಮಾರು 18.8 ಸೆಂ.ಮೀ. ಹಾಗಾದರೆ ಸೆಕೆಂಡಿಗೆ 10.6 ಸುತ್ತು, ಅಂದರೆ ನಿಮಿಷಕ್ಕೆ ಸುಮಾರು 640. ಭಾರ ಹೊತ್ತಾಗ ವೇಗ ಇಳಿಯುವುದರಿಂದ, ಗೇರ್‌ಬಾಕ್ಸ್ ದಾಟಿ ಹೊರಬರುವ ಖಾಲಿ ವೇಗ 800ರ ಆಸುಪಾಸಿನಲ್ಲಿರಲಿ.

ಇನ್ನು ತಿರುಚುಬಲ, ಅಂದರೆ ಟಾರ್ಕ್. ಚಕ್ರ ಮತ್ತು ನೆಲದ ಘರ್ಷಣೆಯ ಗುಣಾಂಕ 0.8 ಎಂದುಕೊಂಡರೆ, ಇಡೀ ಭಾರ ಆ ಎರಡು ಚಕ್ರಗಳ ಮೇಲೇ ಇದ್ದರೂ ಜಾರುವ ಮುನ್ನ ಸಿಗುವ ಗರಿಷ್ಠ ಬಲ 2 × 9.8 × 0.8, ಸುಮಾರು 15.7 ನ್ಯೂಟನ್. ಅದನ್ನು ಚಕ್ರದ ತ್ರಿಜ್ಯವಾದ 0.03 ಮೀಟರಿನಿಂದ ಗುಣಿಸಿ ಎರಡು ಚಕ್ರಕ್ಕೆ ಹಂಚಿದರೆ ಒಂದಕ್ಕೆ 0.24 ನ್ಯೂಟನ್ ಮೀಟರ್. ಕ್ಯಾಟಲಾಗಿನ ಭಾಷೆಯಲ್ಲಿ ಸುಮಾರು 2.4 ಕೆ.ಜಿ.ಸೆಂ.ಮೀ. ಮೋಟರ್ ಇದಕ್ಕಿಂತ ಹೆಚ್ಚು ಕೊಟ್ಟರೆ ಚಕ್ರ ಜಾರುತ್ತದೆಯೇ ಹೊರತು ರೋಬೋಟ್ ಮುಂದೆ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಕ್ಯಾಟಲಾಗಿನಲ್ಲಿ ಎದ್ದು ಕಾಣುವ ಟಾರ್ಕ್ ಸಾಮಾನ್ಯವಾಗಿ ಮೋಟರ್ ಪೂರ್ತಿ ನಿಂತಾಗಿನದು. ಆ ಸ್ಥಿತಿಯಲ್ಲಿ ಕೆಲವೇ ಸೆಕೆಂಡು ಇಟ್ಟರೂ ಮೋಟರ್ ಸುಡಬಹುದು. ನಿಮಗೆ ಬೇಕಾದ ಟಾರ್ಕ್ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಸಿಗುವಂತಿರಲಿ.

ಓಮ್ನಿ ಚಕ್ರವಾ, ಮೆಕ್ಯಾನಮ್ಮಾ, ಮಾಮೂಲಿ ಚಕ್ರವಾ?

ಚೆಂಡಾಟಕ್ಕೆ ಓಮ್ನಿ, ಅಂದರೆ ಅಂಚಿನುದ್ದಕ್ಕೂ ಪುಟ್ಟ ಉರುಳೆಗಳಿರುವ ಚಕ್ರ. ಮೈ ತಿರುಗಿಸದೆ ಯಾವ ದಿಕ್ಕಿಗಾದರೂ ಸರಿಯಬಹುದು, ಗೋಲಿನತ್ತ ಮುಖ ಇಟ್ಟುಕೊಂಡೇ ಚೆಂಡಿನ ಹಿಂದಕ್ಕೆ ಬರಬಹುದು. ಮೂರು ಚಕ್ರವಿದ್ದರೆ ನೆಲ ಸ್ವಲ್ಪ ಉಬ್ಬುತಗ್ಗಿದ್ದರೂ ಮೂರೂ ನೆಲಕ್ಕೆ ತಾಗಿರುತ್ತವೆ. ನಾಲ್ಕಿದ್ದರೆ ಬಲ ಹೆಚ್ಚು, ಆದರೆ ಚೌಕಟ್ಟು ಒಂದಿಷ್ಟು ಸೊಟ್ಟಗಿದ್ದರೂ ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ. ಉರುಳೆಗಳು ಓರೆಯಾಗಿ ಕೂತಿರುವ ಮೆಕ್ಯಾನಮ್ ಚಕ್ರಗಳನ್ನು ಆಯತಾಕಾರದ ಚೌಕಟ್ಟಿಗೆ ಜೋಡಿಸುವುದು ಸುಲಭ, ತೂಕ ಮಾತ್ರ ಹೆಚ್ಚು. ಇಬ್ಬರೂ ತಳ್ಳಾಡುವ ಆಟವಾದರೆ ಕಣ್ಣು ಮುಚ್ಚಿ ಮಾಮೂಲಿ ರಬ್ಬರ್ ಚಕ್ರ ಹಾಕಿ. ಪಕ್ಕಕ್ಕೆ ಸುಲಭವಾಗಿ ಸರಿಯುವ ಚಕ್ರವನ್ನು ಎದುರಾಳಿಯೂ ಅಷ್ಟೇ ಸುಲಭವಾಗಿ ಪಕ್ಕಕ್ಕೆ ತಳ್ಳುತ್ತಾನೆ.

ಸುಮೋದಲ್ಲಿ ನಮ್ಮ ಮೋಟರ್ ಎದುರಾಳಿಗಿಂತ ದೊಡ್ಡದು. ಆದ್ರೂ ನಾವೇ ಹಿಂದೆ ಹೋಗ್ತೀವಿ, ಯಾಕೆ?

ನೀವು ಸೋಲುತ್ತಿರುವುದು ಚಕ್ರ ಮತ್ತು ನೆಲ ತಾಗುವ ಜಾಗದಲ್ಲಿ. 500 ಗ್ರಾಂ ರೋಬೋಟ್‌ನ ಭಾರ ಸುಮಾರು 4.9 ನ್ಯೂಟನ್. ಘರ್ಷಣೆಯ ಗುಣಾಂಕ 1 ಇದ್ದರೆ ತಳ್ಳುವ ಬಲವೂ ಹೆಚ್ಚೆಂದರೆ ಅಷ್ಟೇ. ಹಾಗಾಗಿ ಮೊದಲು ತೂಕವನ್ನು ಅನುಮತಿಯ ಅಂಚಿನವರೆಗೆ ಏರಿಸಿ, ಅಷ್ಟೂ ಭಾರ ಎಳೆಯುವ ಚಕ್ರಗಳ ಮೇಲೆ ಬೀಳುವಂತೆ ನೋಡಿ. ಹಿಂದೆ ಒಂದು ಸಣ್ಣ ಉರುಳುಗಾಲಿ ಭಾರದ ಮೂರನೇ ಒಂದು ಭಾಗ ಹೊತ್ತರೆ ತಳ್ಳುವ ಬಲದ ಮೂರನೇ ಒಂದು ಭಾಗ ಹೋದಂತೆಯೇ. ಮೆದು ಸಿಲಿಕೋನ್ ಅಥವಾ ಪಾಲಿಯುರಿಥೇನ್ ಟೈರು ಹಾಕಿ, ಪ್ರತಿ ಸುತ್ತಿಗೆ ಮುನ್ನ ಒರೆಸಿ. ಧೂಳು ಕೂತ ಟೈರು ಅರ್ಧ ಹಿಡಿತ ಕಳೆದುಕೊಂಡದ್ದನ್ನು ತಕ್ಕಡಿ ಕೊಕ್ಕೆ ಕಟ್ಟಿ ಎಳೆದು ಅಳೆದಿದ್ದೇನೆ.

ಎರಡನೆಯದು ಮುಂದಿನ ಇಳಿಜಾರು ತಗಡು. ಅದು ನೆಲಕ್ಕೆ ಎಷ್ಟು ಅಂಟಿಕೊಂಡಿದೆಯೋ ಅಷ್ಟು ಸುಲಭವಾಗಿ ಎದುರಾಳಿಯ ಅಡಿಗೆ ನುಗ್ಗುತ್ತದೆ. ಒಮ್ಮೆ ಅವನ ಮುಂಭಾಗ ಮೇಲೆದ್ದರೆ ಅವನ ಭಾರದ ಒಂದು ಪಾಲು ನಿಮ್ಮ ಚಕ್ರಕ್ಕೆ ಬಂದು ನಿಮ್ಮ ಹಿಡಿತವೇ ಹೆಚ್ಚುತ್ತದೆ. ಜಪಾನಿನ 3 ಕೆ.ಜಿ. ವರ್ಗದಲ್ಲಿ ಕಣ ಉಕ್ಕಿನದು. ಅಲ್ಲಿ ರೋಬೋಟ್‌ನ ಹೊಟ್ಟೆಗೆ ಬಲವಾದ ಅಯಸ್ಕಾಂತ ಹಾಕಿ, ಸ್ವಂತ ತೂಕದ ಹಲವು ಪಟ್ಟು ಒತ್ತಡದಿಂದ ಕಣಕ್ಕೆ ಅಂಟಿಕೊಳ್ಳುವಂತೆ ಮಾಡುತ್ತಾರೆ.

ಚೆಂಡನ್ನು ಹಿಡಿದುಕೊಂಡು ಹೋಗೋದು, ಒದೆಯೋದು ಹೇಗೆ ಮಾಡ್ತಾರೆ?

ಹಿಡಿಯಲು ಡ್ರಿಬ್ಲರ್. ರೋಬೋಟ್‌ನ ಬಾಯಿಯಲ್ಲಿ ಅಡ್ಡಲಾಗಿ ಒಂದು ರಬ್ಬರ್ ಉರುಳೆ. ಅದು ಚೆಂಡಿಗೆ ಹಿಮ್ಮುಖ ಸುತ್ತು ಕೊಡುವುದರಿಂದ ಚೆಂಡು ರೋಬೋಟ್‌ನ ಕಡೆಗೇ ಉರುಳಲು ನೋಡುತ್ತದೆ, ಹಿಂದಕ್ಕೆ ಸರಿದರೂ ಜೊತೆಗೇ ಬರುತ್ತದೆ. ಉರುಳೆಯ ಎತ್ತರ ಚೆಂಡಿನ ನಡುಮಟ್ಟಕ್ಕಿಂತ ಮೇಲಿರಬೇಕು. ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ಚೆಂಡು ಕುಣಿಯುತ್ತದೆ. ಎತ್ತರ ಹೊಂದಿಸಲು ಉದ್ದನೆಯ ತೂತು ಬಿಟ್ಟುಕೊಳ್ಳಿ.

ಒದೆಯಲು ಸಾಲಿನಾಯ್ಡ್. ತಾಮ್ರದ ಸುರುಳಿಯೊಳಗಿನ ಕಬ್ಬಿಣದ ದಿಂಡನ್ನು ಒಮ್ಮೆಲೇ ಸೆಳೆದು ಚೆಂಡಿಗೆ ಬಡಿಸುತ್ತದೆ. ಸ್ಮಾಲ್ ಸೈಜ್ ಲೀಗಿನವರು ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್‌ಗಳನ್ನು 200 ವೋಲ್ಟ್ ಆಸುಪಾಸಿಗೆ ಚಾರ್ಜ್ ಮಾಡಿ ಒಂದೇ ಏಟಿಗೆ ಸುರುಳಿಗೆ ಹರಿಸುತ್ತಾರೆ. ಇದು ಜೀವಕ್ಕೆ ಕುತ್ತು ತರುವ ವೋಲ್ಟೇಜ್. ಬ್ಯಾಟರಿ ಕಳಚಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಸ್ವಿಚ್ ಆರಿಸಿದ ಕೂಡಲೇ ತಾನಾಗಿ ಬರಿದಾಗುವಂತೆ ರೆಸಿಸ್ಟರ್ ಹಾಕಿ, ಚಾರ್ಜ್ ಇರುವಾಗ ಉರಿಯುವ ದೀಪ ಹಾಕಿ, ಮುಟ್ಟುವ ಮುನ್ನ ಮೀಟರಿನಲ್ಲಿ ಅಳೆಯಿರಿ. ಅನುಭವಿಗಳೊಬ್ಬರು ಪಕ್ಕದಲ್ಲಿಲ್ಲದೆ ಈ ಸರ್ಕ್ಯೂಟಿಗೆ ಕೈಹಾಕಬೇಡಿ. ಮೊದಲ ವರ್ಷಕ್ಕೆ ಬ್ಯಾಟರಿಯ ವೋಲ್ಟೇಜಿನಲ್ಲೇ ನಡೆಯುವ ಸಣ್ಣ ಸಾಲಿನಾಯ್ಡ್ ಸಾಕು.

## ವಿದ್ಯುತ್ತು

ನಿಂತಿದ್ದಾಗ ಚೆನ್ನಾಗಿರುತ್ತೆ, ಜೋರಾಗಿ ಹೊರಟ ಕೂಡಲೇ ಕಂಟ್ರೋಲರ್ ರೀಸ್ಟಾರ್ಟ್ ಆಗುತ್ತೆ. ಕೋಡ್ ತಪ್ಪಾ?

ಕೋಡನ್ನು ಬೈಯಬೇಡಿ, ಬಹುತೇಕ ಇದು ವೋಲ್ಟೇಜ್ ಕುಸಿತ. ಮೋಟರ್ ನಿಂತಲ್ಲಿಂದ ಹೊರಡುವಾಗ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ. ನಾಲ್ಕು ಮೋಟರ್ ತಲಾ 10 ಆಂಪಿಯರ್ ಎಳೆದರೆ ಒಟ್ಟು 40. ಬ್ಯಾಟರಿಯ ಒಳರೋಧ, ವೈರು, ಕನೆಕ್ಟರ್ ಎಲ್ಲ ಸೇರಿ 0.1 ಓಮ್ ಇದ್ದರೂ 4 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 7.4 ವೋಲ್ಟ್ ಬ್ಯಾಟರಿಯಲ್ಲಿ ಉಳಿದದ್ದು 3.4, ಅದರಲ್ಲಿ 5 ವೋಲ್ಟಿನ ಬೋರ್ಡ್ ಬದುಕುವುದಿಲ್ಲ.

ವೈರು ದಪ್ಪಗೆ, ಗಿಡ್ಡಗೆ ಇರಲಿ. ಕಂಟ್ರೋಲರ್‌ಗೆ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಬೇರೆಯೇ ಇಡಿ, ಸಾಧ್ಯವಾದರೆ ಬೇರೆ ಪುಟ್ಟ ಬ್ಯಾಟರಿಯನ್ನೇ ಕೊಡಿ. ಬೇರೆ ಕೊಟ್ಟರೂ ಎರಡರ ನೆಗೆಟಿವ್ ಒಂದೇ ಕಡೆ ಸೇರಿರಬೇಕು. ಕೋಡಿನಲ್ಲಿ ವೇಗವನ್ನು ಸೊನ್ನೆಯಿಂದ ಪೂರ್ತಿಗೆ ಒಮ್ಮೆಗೇ ಹಾರಿಸದೆ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಏರಿಸಿ. ಆಟದಲ್ಲಿ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ನಮ್ಮ ಹುಡುಗ ಲಿಪೊ ಬ್ಯಾಟರಿ ಮಲಗೋ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗ್ತಾನೆ. ಅಪಾಯ ಇದೆಯಾ?

ಇದೆ, ಇವತ್ತೇ ನಿಲ್ಲಿಸಿ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಕಷ್ಟ. ಚಾರ್ಜ್ ಆಗುವಾಗ ಎಚ್ಚರವಿರುವವರೊಬ್ಬರು ಹತ್ತಿರ ಇರಬೇಕು, ಬ್ಯಾಟರಿ ಬೆಂಕಿ ತಡೆಯುವ ಚೀಲದಲ್ಲೋ ಬರಿಯ ಕಲ್ಲು ನೆಲದ ಮೇಲೋ ಇರಬೇಕು, ಪ್ರತಿ ಸೆಲ್ಲನ್ನೂ ಸಮತೂಗಿಸುವ ಚಾರ್ಜರನ್ನೇ ಬಳಸಬೇಕು. ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್. 3.3ಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ವಾರಗಟ್ಟಲೆ ಎತ್ತಿಡುವಾಗ 3.8ರ ಸುತ್ತ ಇಟ್ಟರೆ ಬಾಳಿಕೆ ಬರುತ್ತದೆ. 2200 ಮಿಲಿಆಂಪಿಯರ್ ಅವರ್ ಬ್ಯಾಟರಿಗೆ 2.2 ಆಂಪಿಯರಿನಲ್ಲಿ ಚಾರ್ಜ್ ಮಾಡುವುದು ಸುರಕ್ಷಿತ ರೂಢಿ. ಉಬ್ಬಿದ್ದನ್ನು, ಬಿದ್ದು ತಗ್ಗಾದದ್ದನ್ನು ಮತ್ತೆ ಬಳಸಲೇಬಾರದು. ಹುಡುಗನನ್ನು ಗದರುವುದಕ್ಕಿಂತ ಜೊತೆಗೆ ಕೂತು ಈ ಅಂಕಿಗಳನ್ನು ಒಂದು ಹಾಳೆಗೆ ಬರೆಸಿ, ಚಾರ್ಜರಿನ ಪಕ್ಕ ಅಂಟಿಸಿ.

## ಕಣ್ಣು ಮತ್ತು ಬುದ್ಧಿ

ಅಭ್ಯಾಸದಲ್ಲಿ ಚೆಂಡು ಸರಿಯಾಗಿ ಕಾಣ್ತಿತ್ತು, ಸ್ಪರ್ಧೆಯಲ್ಲಿ ಕಾಣಲೇ ಇಲ್ಲ. ಏನಾಗಿರಬಹುದು?

ಬೆಳಕು ಬದಲಾಗಿದೆ. ಕಿತ್ತಳೆ ಬಣ್ಣವನ್ನು ಕೆಂಪು, ಹಸಿರು, ನೀಲಿಯ ಅಂಕಿಗಳಲ್ಲಿ ಹುಡುಕಿದರೆ ಹೀಗೇ ಆಗುವುದು, ಯಾಕೆಂದರೆ ದೀಪ ಬದಲಾದರೆ ಮೂರೂ ಬದಲಾಗುತ್ತವೆ. ಬಣ್ಣದ ಛಾಯೆಯನ್ನು ಹೊಳಪಿನಿಂದ ಬೇರ್ಪಡಿಸುವ ಎಚ್‌ಎಸ್‌ವಿ ಪದ್ಧತಿಗೆ ಬದಲಾಯಿಸಿ. ಕ್ಯಾಮೆರಾ ತಾನಾಗಿ ಹೊಳಪು ಹೊಂದಿಸಿಕೊಳ್ಳುವುದನ್ನು, ಬಿಳಿಯ ಸಮತೋಲ ಬದಲಿಸುವುದನ್ನು ಆರಿಸಿ. ಇಲ್ಲವಾದರೆ ಬಿಳಿ ಅಂಗಿಯವರೊಬ್ಬರು ಪಕ್ಕದಲ್ಲಿ ನಿಂತರೂ ನಿಮ್ಮ ಅಂಕಿಗಳು ಜರುಗುತ್ತವೆ. ಅಂಕಣ ಸಿಕ್ಕ ಎರಡು ನಿಮಿಷದೊಳಗೆ ಹೊಸದಾಗಿ ಹೊಂದಿಸುವ ಸಣ್ಣ ಪ್ರೋಗ್ರಾಂ ಮೊದಲೇ ಬರೆದಿಟ್ಟುಕೊಳ್ಳಿ, ಅದನ್ನೂ ಅಭ್ಯಾಸ ಮಾಡಿ.

ರೋಬೋಕಪ್ ಜೂನಿಯರ್‌ನ ಇನ್‌ಫ್ರಾರೆಡ್ ಚೆಂಡಿನ ವಿಭಾಗದಲ್ಲಿ ಕತೆ ಬೇರೆ. ಅಲ್ಲಿ ಚೆಂಡೇ 40 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಕಿರಣ ಸೂಸುತ್ತದೆ, ಆ ಮಿಡಿತಕ್ಕೆ ಮಾತ್ರ ಸ್ಪಂದಿಸುವ ಸೆನ್ಸರ್ ಬೇಕು. ಕಿಟಕಿಯಿಂದ ಬರುವ ಬಿಸಿಲು ಆಗಲೂ ಕಾಟ ಕೊಡುತ್ತದೆ. ಸೆನ್ಸರ್ ಸುತ್ತ ಕಪ್ಪು ಕೊಳವೆಯ ಮರೆ ಹಾಕಿ. ನಿಯಮಗಳೂ ಬಣ್ಣದಿಂದ ದೂರ ಸರಿಯುತ್ತಿವೆ. ನಾವೊ ಎಂಬ ಪುಟ್ಟ ಹ್ಯೂಮನಾಯ್ಡ್, ಅಂದರೆ ಮನುಷ್ಯನಾಕಾರದ ರೋಬೋಟ್‌ಗಳು ಆಡುತ್ತಿದ್ದ ಸ್ಟ್ಯಾಂಡರ್ಡ್ ಪ್ಲಾಟ್‌ಫಾರ್ಮ್ ಲೀಗಿನಲ್ಲಿ 2016ರಿಂದ ಕಿತ್ತಳೆ ಚೆಂಡು ಹೋಗಿ ಕಪ್ಪು ಬಿಳಿ ಚೆಂಡು ಬಂತು. ಬಣ್ಣ ನೋಡಿ ಚೆಂಡು ಹುಡುಕುತ್ತಿದ್ದವರೆಲ್ಲ ಆಕಾರ ಗುರುತಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು.

ಪಿಐಡಿ ಅಂಕಿಗಳನ್ನ ಹೇಗೆ ಹೊಂದಿಸೋದು? ನಮ್ಮದು ಹಾವಿನ ಥರ ಹೋಗುತ್ತೆ.

ಪಿಐಡಿ ಎಂದರೆ ಗುರಿಗೂ ಈಗಿನ ಸ್ಥಿತಿಗೂ ಇರುವ ವ್ಯತ್ಯಾಸ ನೋಡಿ ಮೋಟರನ್ನು ತಿದ್ದುವ ಲೆಕ್ಕ. ಪಿ, ಐ, ಡಿ ಅದರ ಮೂರು ಅಂಕಿಗಳು. ಮೂರನ್ನೂ ಒಟ್ಟಿಗೆ ತಿರುವಬೇಡಿ. ಎಲ್ಲ ಸೊನ್ನೆ ಮಾಡಿ ಮೊದಲ ಅಂಕಿಯನ್ನು, ಅಂದರೆ ಪಿಯನ್ನು, ರೋಬೋಟ್ ಸಣ್ಣಗೆ ಓಲಾಡತೊಡಗುವ ತನಕ ಏರಿಸಿ. ನಂತರ ಡಿ ಏರಿಸಿದರೆ ಓಲಾಟ ತಣಿಯುತ್ತದೆ. ಮೋಟರ್ ಕಿರಗುಟ್ಟಿದರೆ ಡಿ ಹೆಚ್ಚಾಯಿತೆಂದು ಅರ್ಥ, ಸೆನ್ಸರಿನ ಗದ್ದಲವನ್ನೇ ಅದು ಹಿಗ್ಗಿಸುತ್ತಿದೆ. ಕೊನೆಗೂ ಗುರಿಗಿಂತ ತುಸು ಹಿಂದೆಯೇ ನಿಲ್ಲುತ್ತಿದ್ದರೆ ಮಾತ್ರ ಚಿಟಿಕೆಯಷ್ಟು ಐ ಸೇರಿಸಿ, ಅದಕ್ಕೊಂದು ಗರಿಷ್ಠ ಮಿತಿ ಹಾಕಿ. ಮಿತಿಯಿಲ್ಲದಿದ್ದರೆ ಎದುರಾಳಿ ತಡೆದು ನಿಲ್ಲಿಸಿದಷ್ಟು ಹೊತ್ತೂ ಅದು ಗುಡ್ಡೆಯಾಗುತ್ತಾ ಹೋಗಿ, ಬಿಟ್ಟ ಕೂಡಲೇ ರೋಬೋಟ್ ಗಿರಕಿ ಹೊಡೆಯುತ್ತದೆ. ಇಷ್ಟೆಲ್ಲ ಮಾಡಿಯೂ ಹಾವಿನ ನಡೆ ಹೋಗದಿದ್ದರೆ ನಿಮ್ಮ ಲೂಪ್ ಒಂದೇ ಅಂತರದಲ್ಲಿ ಸುತ್ತುತ್ತಿದೆಯೇ ನೋಡಿ. ನಡುವೆ ಪರದೆಗೆ ಅಕ್ಷರ ಬರೆಯುವ ಸಾಲೊಂದಿದ್ದರೂ ಲಯ ತಪ್ಪುತ್ತದೆ.

ಅಂಕಣದಲ್ಲಿ ತಾನೆಲ್ಲಿದೀನಿ ಅಂತ ರೋಬೋಟ್‌ಗೆ ಹೇಗೆ ಗೊತ್ತಾಗುತ್ತೆ? ಎನ್‌ಕೋಡರ್ ಸಾಲದಾ?

ಹತ್ತು ಸೆಕೆಂಡಿಗೆ ಸಾಕು, ಇಡೀ ಪಂದ್ಯಕ್ಕೆ ಸಾಲದು. ಎನ್‌ಕೋಡರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಚಕ್ರ ಜಾರಿದರೂ ಸುತ್ತು ಸುತ್ತೇ. ಪ್ರತಿ ಡಿಕ್ಕಿಗೂ ತಪ್ಪು ಸೇರುತ್ತಾ ಹೋಗುತ್ತದೆ. ದಿಕ್ಕಿಗೆ, ಮೈ ಎಷ್ಟು ತಿರುಗಿತೆಂದು ಅಳೆಯುವ ಜೈರೋ ಸೇರಿಸಿದರೆ ಬಹಳ ಸುಧಾರಿಸುತ್ತದೆ, ಯಾಕೆಂದರೆ ದಿಕ್ಕಿನ ಸಣ್ಣ ತಪ್ಪೇ ದೂರ ಹೋದಂತೆ ದೊಡ್ಡದಾಗುವುದು. ಇನ್ನೊಂದು ಉಪಾಯವೆಂದರೆ ಮೋಟರ್ ಇಲ್ಲದ ಪುಟ್ಟ ಚಕ್ರಗಳಿಗೆ ಎನ್‌ಕೋಡರ್ ಕಟ್ಟುವುದು. ಅವು ಎಳೆಯುವುದಿಲ್ಲ, ಹಾಗಾಗಿ ಜಾರುವುದೂ ಕಡಿಮೆ.

ಇಷ್ಟರ ಮೇಲೆ ಆಗಾಗ ಹೊರಗಿನ ಗುರುತೊಂದನ್ನು ನೋಡಿ ತಿದ್ದಿಕೊಳ್ಳಬೇಕು. ಬಿಳಿ ಗೆರೆ, ಗೋಲಿನ ಕಂಬ, ಗೋಡೆಯ ದೂರ. ಹ್ಯೂಮನಾಯ್ಡ್ ತಂಡಗಳಲ್ಲಿ ಹಲವು ಪಾರ್ಟಿಕಲ್ ಫಿಲ್ಟರ್ ಬಳಸುತ್ತವೆ. ನಾನು ಇಲ್ಲಿರಬಹುದು, ಅಲ್ಲಿರಬಹುದು ಎಂಬ ನೂರಾರು ಊಹೆಗಳನ್ನು ಒಟ್ಟಿಗೆ ಇಟ್ಟುಕೊಂಡು, ಕಂಡ ಗೆರೆಗೆ ಹೊಂದದವನ್ನು ಕೈಬಿಡುತ್ತಾ, ಹೊಂದುವವನ್ನು ಹೆಚ್ಚಿಸುತ್ತಾ ಹೋಗುವ ಕ್ರಮವಿದು. ಎರಡೂ ಗೋಲು ಒಂದೇ ಬಣ್ಣದ್ದಾದಾಗ ಅಂಕಣದ ಎರಡು ಅರ್ಧಗಳೂ ಒಂದೇ ಥರ ಕಾಣುತ್ತವೆ, ಬಿದ್ದು ಎದ್ದ ರೋಬೋಟ್ ದಿಕ್ಕು ಮರೆತರೆ ಸ್ವಂತ ಗೋಲಿಗೇ ಹೊಡೆಯುತ್ತದೆ. ತಪ್ಪಿಗೆ ಶಿಕ್ಷೆಯಾಗಿ ಹೊರಗಿಟ್ಟ ರೋಬೋಟ್ ಮರಳುವುದು ನಿಯಮ ಹೇಳಿದ ಜಾಗದಿಂದಲೇ ತಾನೇ? ಆ ಜಾಗವನ್ನು ಕೋಡಿಗೆ ತಿಳಿಸಿಟ್ಟರೆ ಅರ್ಧ ತಲೆನೋವು ಕಳೆಯುತ್ತದೆ.

ನಮ್ಮ ರೋಬೋಟ್ ಯಾವಾಗಲೂ ಚೆಂಡಿನ ಹಿಂದೇನೇ ಓಡುತ್ತೆ, ಮುಂದೆ ಹೋಗಿ ತಡೆಯೋದೇ ಇಲ್ಲ.

ಅದು ನೋಡುತ್ತಿರುವುದು ಹಳೆಯ ಚೆಂಡನ್ನು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೇ 33 ಮಿಲಿಸೆಕೆಂಡು. ಚಿತ್ರ ಬಿಡಿಸಲು ಸ್ವಲ್ಪ, ಆಜ್ಞೆ ಕಳಿಸಲು ಸ್ವಲ್ಪ, ಮೋಟರ್ ವೇಗ ಹಿಡಿಯಲು ಸ್ವಲ್ಪ. ಎಲ್ಲ ಸೇರಿ 100 ಮಿಲಿಸೆಕೆಂಡು ಎನ್ನಿ. ಸ್ಮಾಲ್ ಸೈಜ್ ಲೀಗಿನಲ್ಲಿ ಚೆಂಡನ್ನು ಒದೆಯಬಹುದಾದ ಗರಿಷ್ಠ ವೇಗ ಸೆಕೆಂಡಿಗೆ 6.5 ಮೀಟರ್. ಆ 100 ಮಿಲಿಸೆಕೆಂಡಿನಲ್ಲಿ ಚೆಂಡು 65 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಂದರೆ ರೋಬೋಟ್‌ನ ಅಗಲದ ಮೂರೂವರೆ ಪಟ್ಟು.

ಮೊದಲು ನಿಮ್ಮ ವಿಳಂಬ ಎಷ್ಟೆಂದು ಅಳೆಯಿರಿ. ಕಂಟ್ರೋಲರಿನಿಂದ ಒಂದು ಎಲ್‌ಇಡಿ ಹೊತ್ತಿಸಿ, ಅದು ಕ್ಯಾಮೆರಾ ಚಿತ್ರದಲ್ಲಿ ಕಾಣಿಸಿಕೊಂಡ ಕ್ಷಣವನ್ನು ಬರೆದುಕೊಂಡರೆ ಕಣ್ಣಿನ ಪಾಲು ಸಿಗುತ್ತದೆ. ಆಮೇಲೆ ಹಿಂದಿನ ಕೆಲವು ಚಿತ್ರಗಳಿಂದ ಚೆಂಡಿನ ವೇಗ ಲೆಕ್ಕ ಹಾಕಿ, ಅಷ್ಟು ಹೊತ್ತು ಮುಂದಕ್ಕೆ ಸರಿಸಿದ ಜಾಗವನ್ನೇ ಚೆಂಡು ಎಂದು ತಿಳಿಯಿರಿ. ಹೀಗೆ ಊಹಿಸುವಾಗ ಅಳತೆಯ ಗದ್ದಲ ಸೋಸಲು ಕಾಲ್ಮನ್ ಫಿಲ್ಟರ್ ಬಳಸುತ್ತಾರೆ. ಚೆಂಡು ಯಾರಿಗಾದರೂ ತಾಗಿ ದಿಕ್ಕು ಬದಲಿಸಿದ ಕೂಡಲೇ ಹಳೆಯ ವೇಗವನ್ನು ಮರೆತುಬಿಡುವ ಸಾಲೊಂದನ್ನೂ ಬರೆಯಿರಿ. ಅದಿಲ್ಲದೆ ರೋಬೋಟ್ ಇಲ್ಲದ ಚೆಂಡನ್ನು ಅಟ್ಟಿಕೊಂಡು ಹೋಗುತ್ತದೆ.

ಎರಡು ರೋಬೋಟೂ ಚೆಂಡಿಗೇ ನುಗ್ಗಿ ಒಂದಕ್ಕೊಂದು ಸಿಕ್ಕಿಹಾಕಿಕೊಳ್ತವೆ. ತಂಡದ ಆಟ ಕಲಿಸೋದು ಹೇಗೆ?

ಪ್ರತಿ ರೋಬೋಟೂ ತಾನು ಚೆಂಡು ತಲುಪಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ ಇನ್ನೊಂದಕ್ಕೆ ಹೇಳಲಿ. ದೂರವನ್ನಲ್ಲ, ಹೊತ್ತನ್ನು. ಹತ್ತಿರವಿದ್ದೂ ಬೆನ್ನು ತಿರುಗಿಸಿ ನಿಂತದ್ದಕ್ಕಿಂತ ದೂರದಿಂದ ಓಡಿ ಬರುತ್ತಿರುವುದೇ ಮೊದಲು ಮುಟ್ಟಬಹುದು. ಕಡಿಮೆ ಹೊತ್ತಿನದು ಚೆಂಡಿಗೆ, ಮತ್ತೊಂದು ಗೋಲು ಕಾಯುವ ದಾರಿಗೆ. ಇಬ್ಬರದೂ ಹೆಚ್ಚುಕಡಿಮೆ ಸಮ ಇದ್ದಾಗ ಪಾತ್ರ ಕ್ಷಣಕ್ಷಣಕ್ಕೂ ಅದಲುಬದಲಾಗಿ ಎರಡೂ ನಿಂತಲ್ಲೇ ನಡುಗುತ್ತವೆ. ಅದಕ್ಕೆ, ಇನ್ನೊಂದು ಅರ್ಧ ಸೆಕೆಂಡಿನಷ್ಟು ಮುಂದಿದ್ದರೆ ಮಾತ್ರ ಬಿಟ್ಟುಕೊಡು ಎಂಬ ಷರತ್ತು ಹಾಕಿ. ನಿಸ್ತಂತು ಸಂಪರ್ಕ ಕಡಿದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆಯಿರಿ. ನೂರಾರು ಫೋನುಗಳಿರುವ ಸಭಾಂಗಣದಲ್ಲಿ ಅದು ಕಡಿಯುತ್ತದೆ.

ಕೋಡ್ ಬರೆಯೋ ಬದಲು ಸಿಮ್ಯುಲೇಟರ್‌ನಲ್ಲಿ ತಾನಾಗೇ ಕಲಿಯೋಕೆ ಬಿಟ್ಟರೆ?

ಸಾಧ್ಯ, ಫಲವೂ ಸಿಗುತ್ತಿದೆ. ಗೂಗಲ್ ಡೀಪ್‌ಮೈಂಡ್‌ನವರು ಪುಟ್ಟ ಹ್ಯೂಮನಾಯ್ಡ್‌ಗಳಿಗೆ ಒಬ್ಬರಿಗೊಬ್ಬರ ಫುಟ್‌ಬಾಲನ್ನು ಸಿಮ್ಯುಲೇಟರಿನಲ್ಲೇ, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಅಂಕಣದಲ್ಲೇ ಕಲಿಸಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವು ಕೈಯಿಂದ ಬರೆದ ಚಲನೆಗಳಿಗಿಂತ ಶೇ. 181 ಹೆಚ್ಚು ವೇಗವಾಗಿ ನಡೆದವು, ಬಿದ್ದರೆ ಶೇ. 63 ಕಡಿಮೆ ಹೊತ್ತಿನಲ್ಲಿ ಎದ್ದವು. ಅದೇ ವರ್ಷ ಅವರ ಟೇಬಲ್ ಟೆನಿಸ್ ರೋಬೋಟ್ ಮನುಷ್ಯರ ವಿರುದ್ಧ 29 ಪಂದ್ಯಗಳಲ್ಲಿ 13 ಗೆದ್ದಿತು. ಹೊಸಬರೆಲ್ಲರನ್ನೂ ಸೋಲಿಸಿತು, ನುರಿತವರೆಲ್ಲರಿಗೂ ಸೋತಿತು.

ಕಷ್ಟವಿರುವುದು ಸಿಮ್ಯುಲೇಟರಿನಿಂದ ನೆಲಕ್ಕೆ ಇಳಿಸುವಾಗ. ಸಿಮ್ಯುಲೇಟರಿನಲ್ಲಿ ಗೇರಿನ ಸಡಿಲವಿಲ್ಲ, ಬ್ಯಾಟರಿ ಇಳಿಯುವುದಿಲ್ಲ, ನೆಲ ಒಂದೇ ಸಮ. ಹಾಗಾಗಿ ಘರ್ಷಣೆ, ತೂಕ, ವಿಳಂಬವನ್ನು ಬೇಕೆಂದೇ ಪ್ರತಿ ಸಲ ಬದಲಿಸಿ ಕಲಿಸಬೇಕು. ಎರಡನೇ ಮೂರನೇ ವರ್ಷದ ತಂಡಕ್ಕೆ ನನ್ನ ಸಲಹೆ ಒದೆಯುವುದು ಅಥವಾ ಬಿದ್ದಾಗ ಏಳುವುದು, ಹೀಗೆ ಒಂದೇ ಕೌಶಲವನ್ನು ಕಲಿಕೆಗೆ ಬಿಟ್ಟು ಉಳಿದದ್ದನ್ನು ಕೈಯಿಂದ ಬರೆಯುವುದು. ತಪ್ಪಾದಾಗ ಎಲ್ಲಿ ತಪ್ಪಾಯಿತೆಂದು ಹುಡುಕಲಾದರೂ ಆಗುತ್ತದೆ.

## ಪಂದ್ಯದ ದಿನ ಮತ್ತು ಮುಂದೆ

ಹಿಂದಿನ ರಾತ್ರಿ ಒಳ್ಳೇ ಐಡಿಯಾ ಬಂತು. ಕೋಡ್ ಬದಲಾಯಿಸಲಾ?

ಬೇಡ. ನಾನಿದ್ದ ತಂಡವೊಂದು ಸೆಮಿಫೈನಲ್‌ಗೆ ಮುನ್ನ ರಾತ್ರಿ ಎರಡು ಗಂಟೆಗೆ ಒಂದೇ ಒಂದು ಸಾಲು ಬದಲಿಸಿತು. ಎಡ ಬಲ ಅದಲುಬದಲಾಗಿತ್ತು. ಬೆಳಿಗ್ಗೆ ಅದನ್ನು ಓಡಿಸಿ ನೋಡಲು ಅಂಕಣ ಸಿಗಲಿಲ್ಲ, ಗೆಲ್ಲಬಹುದಾಗಿದ್ದ ಪಂದ್ಯ ಹೋಯಿತು. ಆ ಸಾಲು ಬದಲಿಸಿದ ಹುಡುಗಿ ಅತ್ತದ್ದು ಈಗಲೂ ನೆನಪಿದೆ, ನಾನು ಬೇಡವೆನ್ನಲಿಲ್ಲ ಎಂಬುದೂ. ಕೊನೆಯ ಎರಡು ದಿನ ಕೋಡನ್ನು ಬೀಗ ಹಾಕಿಟ್ಟ ಹಾಗೆ ಇಡಿ. ಐಡಿಯಾವನ್ನು ಪುಸ್ತಕದಲ್ಲಿ ಬರೆದಿಡಿ, ಮುಂದಿನ ವರ್ಷಕ್ಕೂ ಅದು ಒಳ್ಳೆಯದೇ ಆಗಿರುತ್ತದೆ.

ಜೊತೆಗೆ ಏನೇನು ಒಯ್ಯಬೇಕು?

ನಿಮ್ಮ ಅಭ್ಯಾಸದ ದಿನಗಳಲ್ಲಿ ಏನೇನು ಮುರಿಯಿತೋ ಅದರ ಎರಡೆರಡು. ಬರೆದಿಟ್ಟುಕೊಂಡಿದ್ದರೆ ಪಟ್ಟಿ ತಾನಾಗಿ ಸಿಗುತ್ತದೆ. ಸಾಮಾನ್ಯವಾಗಿ ಮೋಟರ್ ಡ್ರೈವರ್, ಫ್ಯೂಸ್, ಚಕ್ರದ ಸ್ಕ್ರೂ, ಕನೆಕ್ಟರ್, ಕೇಬಲ್ ಟೈ ಮೊದಲು ಮುಗಿಯುತ್ತವೆ. ಪಂದ್ಯಕ್ಕೆ ಮುನ್ನ ಒಬ್ಬರು ಪರೀಕ್ಷಾ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಆ ಭಾಗವನ್ನು ಬೆರಳಿನಿಂದ ಮುಟ್ಟಿ, ಎಳೆದು, ಸರಿಯಿದೆ ಎನ್ನಬೇಕು. ಕಣ್ಣಿಗೆ ಕೂತಂತೆ ಕಾಣುವ ಕನೆಕ್ಟರ್ ಎಳೆದಾಗ ಕೈಗೆ ಬಂದದ್ದು ಎಷ್ಟು ಸಲವೋ.

2050ಕ್ಕೆ ರೋಬೋಟ್‌ಗಳು ವಿಶ್ವಕಪ್ ಗೆದ್ದ ತಂಡವನ್ನ ಸೋಲಿಸ್ತಾವಂತೆ, ನಿಜವಾ?

ಅದು ರೋಬೋಕಪ್ ತನಗೆ ತಾನೇ ಹಾಕಿಕೊಂಡ ಗುರಿ. ಈ ಶತಮಾನದ ನಡುವಿನ ಹೊತ್ತಿಗೆ, ಸ್ವಂತ ಬುದ್ಧಿಯಿಂದ ಆಡುವ ಹ್ಯೂಮನಾಯ್ಡ್ ತಂಡವೊಂದು ಫಿಫಾ ನಿಯಮದಂತೆಯೇ ಆಡಿ ಆಗಿನ ವಿಶ್ವ ಚಾಂಪಿಯನ್ನರನ್ನು ಗೆಲ್ಲಬೇಕು. 2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನ ಹಾಫ್ ಮ್ಯಾರಥಾನ್‌ನಲ್ಲಿ ಟಿಯಾನ್‌ಗಾಂಗ್ ಅಲ್ಟ್ರಾ ಎಂಬ ಹ್ಯೂಮನಾಯ್ಡ್ 21 ಕಿ.ಮೀ. ದೂರವನ್ನು 2 ಗಂಟೆ 40 ನಿಮಿಷ 42 ಸೆಕೆಂಡಿನಲ್ಲಿ ಮುಗಿಸಿತು. ನಡುವೆ ಬ್ಯಾಟರಿ ಬದಲಿಸಬೇಕಾಯಿತು. ಮನುಷ್ಯರಲ್ಲಿ ಗೆದ್ದವರು ತೆಗೆದುಕೊಂಡದ್ದು ಸುಮಾರು 1 ಗಂಟೆ 2 ನಿಮಿಷ. ಇಷ್ಟು ಅಂತರವನ್ನು ಇಪ್ಪತ್ತೈದು ವರ್ಷದಲ್ಲಿ ತುಂಬಬಹುದು ಎಂದು ನನಗೆ ಅನ್ನಿಸುತ್ತದೆ.

ನನಗೆ ಕಷ್ಟವೆನಿಸುವುದು ಓಟವಲ್ಲ, ಮೈಗೆ ಮೈ ತಾಗುವುದು. ಚೆಂಡಿಗಾಗಿ ಭುಜಕ್ಕೆ ಭುಜ ಕೊಡುವಾಗ ಎದುರಿನ ಮನುಷ್ಯನ ಮೂಳೆ ಮುರಿಯಬಾರದು. ಎಷ್ಟು ಬಲ ಹಾಕಬೇಕು, ಯಾವಾಗ ಸಡಿಲಿಸಬೇಕು, ಬೀಳುವಾಗ ಯಾರ ಮೇಲೂ ಬೀಳದಂತೆ ಹೇಗೆ ಬೀಳಬೇಕು ಎಂಬುದನ್ನು ಆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಗಟ್ಟಿ ಗೇರುಗಳ ಬದಲು ಒತ್ತಿದರೆ ಮಣಿಯುವ ಕೀಲುಗಳು, ಲೋಹದ ಮೇಲೆ ಮೆದು ಹೊದಿಕೆ, ಮೈತುಂಬ ಸ್ಪರ್ಶದ ಸೆನ್ಸರ್ ಬೇಕಾಗುತ್ತವೆ. ಈಗ ಹ್ಯೂಮನಾಯ್ಡ್ ವಿಭಾಗಕ್ಕೆ ಕಾಲಿಡುತ್ತಿರುವ ತಂಡವಾದರೆ, ವೇಗದ ನಡಿಗೆಗೆ ಮುನ್ನ ನಿಮ್ಮ ರೋಬೋಟ್‌ಗೆ ಏನೂ ಮುರಿಯದಂತೆ ಬೀಳುವುದನ್ನು ಕಲಿಸಿ.